ಬೆಟ್ಟದಲ್ಲಿ ಕರು ಹೋಯಿತು. ಸೀಳುನಾಯಿಯಾ, ಊರುನಾಯಿಯಾ?

ಸೊಪ್ಪಿನಬೆಟ್ಟ:
ನಮ್ಮದು ಶಿರಸಿ ತಾಲೂಕು, ಹುಲೇಕಲ್ ಕಡೆ. ಸೋಮವಾರ ಬೆಟ್ಟಕ್ಕೆ ಬಿಟ್ಟ ಕರು ಸಂಜೆ ಬರಲಿಲ್ಲ. ಇವತ್ತು ಹೋಗಿ ನೋಡಿದರೆ ತಲೆ, ಬೆನ್ನುಮೂಳೆ, ಒಂದಿಷ್ಟು ಚರ್ಮ, ಅಷ್ಟೇ. ಸೋಮವಾರ ಮಧ್ಯಾಹ್ನ ದರಕು (ಉದುರಿದ ಒಣ ಎಲೆ) ಗುಡಿಸುವಾಗ ಯಾರೋ ಸಿಳ್ಳೆ ಹಾಕಿದ ಹಾಗೆ ಕೇಳಿಸಿತ್ತು. ಮಕ್ಕಳಿರಬೇಕು ಅಂತ ಸುಮ್ನಾದೆ.

ಉಳಿದದ್ದಕ್ಕೆ ವಿಷ ಹಾಕಿಡೋಣ ಅಂತಾರೆ ಪಕ್ಕದ ತೋಟದವರು. ನನಗೆ ಮನಸ್ಸಿಲ್ಲ. ಆದರೆ ಕೊಟ್ಟಿಗೆಯಲ್ಲಿ ಇನ್ನೊಂದು ಕರು ಇದೆ. ಏನು ಮಾಡಲಿ?

ಜೋಯಿಡಾದವ:
ಅಕ್ಕಾ, ಸಿಳ್ಳೆ ಅಂದ್ರಲ್ಲ, ಅದು ಸೀಳುನಾಯಿಯೇ ಇರಬೇಕು. ಚದುರಿದ ಗುಂಪು ಹಾಗೆ ಕರೆದುಕೊಂಡೇ ಮತ್ತೆ ಸೇರುತ್ತದೆ. ಬೇಟೆಯೂ ಜಾಸ್ತಿ ಹಗಲಲ್ಲೇ. ಚಿರತೆಯಾದರೆ ಗಂಟಲಿಗೆ ಹಲ್ಲಿನ ಗುರುತು, ಎಳೆದುಕೊಂಡು ಹೋದ ಜಾಡು ಇರುತ್ತಿತ್ತು. ಕುಂಬಾರವಾಡಾ ರಸ್ತೆಯಲ್ಲಿ ಒಮ್ಮೆ ನನ್ನ ಬೈಕಿಗೆ ಏಳು ಎದುರಾಗಿದ್ದವು. ಕೆಂಚು ಮೈ, ಬಾಲದ ಕುಚ್ಚು ಮಾತ್ರ ಕಪ್ಪು. ನಾನು ಇಂಜಿನ್ ಆರಿಸಿ ನಿಂತೆ. ಅವು ನನ್ನನ್ನು ಲೆಕ್ಕಕ್ಕೇ ತಗೊಳ್ಳದೆ ದಾಟಿ ಹೋದವು!

ಹಳೇ ವಾಚರ್:
ತಂಗೀ, ವಿಷ ಮಾತ್ರ ಬೇಡ. 1972ರ ವನ್ಯಜೀವಿ ಕಾಯ್ದೆ ಬರುವ ಮುಂಚೆ ಇವನ್ನು ಕೊಂದವರಿಗೆ ಇನಾಮು ಸಿಗುತ್ತಿತ್ತು. ಈಗ ಇಡೀ ಜಗತ್ತಿನಲ್ಲಿ ಬೆಳೆದ ಸೀಳುನಾಯಿ ಉಳಿದಿರುವುದು 949ರಿಂದ 2215 ಅಂತ 2015ರ ಅಂದಾಜು. ನಮ್ಮ ಒಂದು ಹಳ್ಳಿಯ ಜನ ಅಷ್ಟಿರಬಹುದು. ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ. ಉಳಿದವು ಮಾಂಸ ತಿಂದು ಬಂದು ಮರಿಗಳಿಗೆ ಕಕ್ಕಿ ಉಣಿಸುತ್ತವೆ. ಇದು ಮರಿ ಇರುವ ಕಾಲ. ವಿಷ ಗೂಡಿನ ತನಕ ಹೋಗುತ್ತದೆ.

ಉಳಿದದ್ದನ್ನು ಕದಲಿಸಬೇಡಿ. ಫೋಟೋ ತೆಗೆದು ಇವತ್ತೇ ಫಾರೆಸ್ಟ್ ಗಾರ್ಡಿಗೆ ಹೇಳಿ. ಪಶುವೈದ್ಯರ ವರದಿ ಇದ್ದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಮನೆ ನಾಯಿಗೆ ರೇಬೀಸ್, ಡಿಸ್ಟೆಂಪರ್ ಎರಡೂ ಇಂಜೆಕ್ಷನ್ ಹಾಕಿಸಿದ್ದೀರಾ? ಆ ರೋಗಗಳು ಊರುನಾಯಿಯಿಂದ ಕಾಡಿಗೂ ಹೋಗುತ್ತವೆ.

ಸೊಪ್ಪಿನಬೆಟ್ಟ:
ಗಾರ್ಡ್ ಬಂದು ನೋಡಿ ಹೋದರು. ದುಡ್ಡು ಯಾವಾಗ ಬರುತ್ತೋ, ಕಾಯೋದೇ. ರೇಬೀಸ್ ಹಾಕಿಸಿದ್ದೆ, ಇನ್ನೊಂದು ಗೊತ್ತೇ ಇರಲಿಲ್ಲ ಅಣ್ಣಾ. ಅಡಿಕೆ ಕೊನೆ ಕೊಯ್ಲು ಮುಗಿಯುವವರೆಗೆ ಕರುವಿಗೆ ಕೊಟ್ಟಿಗೆಯಲ್ಲೇ ಹುಲ್ಲು. ಬೆಟ್ಟಕ್ಕೆ ಹೋಗಿ ಕಾಯಲು ಆಗ ಯಾರೂ ಸಿಗೋದಿಲ್ಲ.

ಪಕ್ಕದವರಿಗೆ, "ನಿಮ್ಮ ನಾಯಿ ಕಾಳನೂ ಬೆಟ್ಟ ಸುತ್ತುತ್ತಾನಲ್ವಾ, ಅವನೇ ಮೊದಲು ತಿಂದರೆ?" ಅಂದೆ. ಆಮೇಲೆ ವಿಷದ ಮಾತು ಬಂದಿಲ್ಲ.