ತೋಳಿನ ಮುಳ್ಳುಚರ್ಮ: ತಿಕ್ಕುವುದೋ, ಹಚ್ಚುವುದೋ?

ಕೋಡಿಬಾಗ್_ಕಡಲು: ಹದಿನಾರರ ಹುಡುಗಿ. ತೋಳಿನ ಹೊರಬದಿ, ತೊಡೆಯ ಮುಂಭಾಗದಲ್ಲಿ ಸಾಸಿವೆಗಿಂತ ಸಣ್ಣ ಗಂಟುಗಳು, ಚಳಿಗೆ ನವಿರೆದ್ದ ಹಾಗೆ. ಹೀರೆಕಾಯಿ ನಾರಿನಲ್ಲಿ ತಿಕ್ಕಿ ಮುರುಗಲು ತುಪ್ಪ (ಬೀಜದಿಂದ ತೆಗೆದ ಗಟ್ಟಿ ಎಣ್ಣೆ) ಹಚ್ಚಿದರೆ ಸಾಕೋ, ಕ್ರೀಮ್ ಬೇಕೋ?

ಔಷಧಿಪೆಟ್ಟಿಗೆ: ಕೆರಟೋಸಿಸ್ ಪಿಲಾರಿಸ್ ಇರಬೇಕು. ಕೂದಲ ರಂಧ್ರದ ಬಾಯಿಗೆ ಕೆರಟಿನ್, ಅಂದರೆ ಚರ್ಮದ ಗಟ್ಟಿ ಪ್ರೋಟೀನಿನ ಬೂಚು ಬಿಗಿದಿರುತ್ತದೆ. ಕೊಳೆಯಲ್ಲ, ಅಂಟುವುದೂ ಇಲ್ಲ, ಮನೆತನದಲ್ಲಿ ಬರುವಂಥದ್ದು. ತಿಕ್ಕಿದರೆ ಬೂಚಿನ ತಲೆ ಹಾರುತ್ತದೆ, ಬುಡ ಅಲ್ಲೇ. ಮೇಲಿಂದ ಉರಿಯೂತ ಎದ್ದು ನಮ್ಮ ಬಣ್ಣದ ಚರ್ಮದಲ್ಲಿ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಘಟ್ಟದಮೇಲಿನವ: ಮುರುಗಲು ತುಪ್ಪವನ್ನು ಅಷ್ಟು ಸುಲಭಕ್ಕೆ ತಳ್ಳಬೇಡಿ. ಶಿರಸಿ ಕಡೆ ಚಳಿಗಾಲದಲ್ಲಿ ಗಂಟು ಒರಟಾಗುವುದೇ ಚರ್ಮದ ನೀರು ಆರಿ.

ಔಷಧಿಪೆಟ್ಟಿಗೆ: ತಳ್ಳಿಲ್ಲ ಮಾರಾಯ್ರೇ. ತುಪ್ಪ ನೀರನ್ನು ಹಿಡಿದಿಡುತ್ತದೆ, ಬೂಚು ಸಡಿಲಿಸುವುದಿಲ್ಲ. ಅದಕ್ಕೆ ಯೂರಿಯಾ ಕ್ರೀಮ್, ಇಲ್ಲವೇ 12% ಲ್ಯಾಕ್ಟಿಕ್ ಆಮ್ಲದ ಲೋಷನ್. 10% ಯೂರಿಯಾ ಮುಖ್ಯವಾಗಿ ತೇವಕ್ಕೆ. ಬೂಚಿಗೆ 20% ಬೇಕು. ಸ್ನಾನ ಹತ್ತು ನಿಮಿಷ ಮೀರದಿರಲಿ, ಹಂಡೆಯ ಸುಡುನೀರು ಬೇಡ. ಬೈರಾಸಿನಲ್ಲಿ ಒತ್ತಿ ಒರೆಸಿ, ಮೈ ಹಸಿ ಇರುವಾಗಲೇ ಹಚ್ಚಿ. ತೋರುಬೆರಳ ತುದಿಯ ಗೆಣ್ಣಿನುದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ತೋಳಿನ ಹೊರಬದಿಗೆ ಅಷ್ಟು. ಎರಡೂ ತೋಳಿಗೆ ದಿನಕ್ಕೆರಡು ಸಲ ಎಂದರೆ 2 ಗ್ರಾಂ, 30 ಗ್ರಾಂ ಟ್ಯೂಬು ಹದಿನೈದೇ ದಿನ. ಒಂದೇ ಟ್ಯೂಬನ್ನು ಮೂರು ತಿಂಗಳು ಎಳೆದು ‘ಗುಣ ಕಾಣಲಿಲ್ಲ’ ಅಂದರೆ ಕ್ರೀಮೇನು ಮಾಡೀತು?

ಅಡಿಕೆಸಿಪ್ಪೆ: ಯೂರಿಯಾ ಅಂದರೆ ತೋಟಕ್ಕೆ ಹಾಕುವುದೇ ಅಲ್ಲವೋ? ಚೀಲವೇ ಇದೆ, ಕರಗಿಸಿ ಹಚ್ಚಿದರೆ?

ಔಷಧಿಪೆಟ್ಟಿಗೆ: ಅಣು ಅದೇ. ಆದರೆ ಚೀಲದ್ದು ಬೇವಿನೆಣ್ಣೆ ಲೇಪಿಸಿದ ಗೊಬ್ಬರ, ಕಲ್ಮಶವೂ ಇರುತ್ತದೆ. ಬರೇ ನೀರಲ್ಲಿ ಕರಗಿಸಿಟ್ಟರೆ ಮೆಲ್ಲಗೆ ಒಡೆದು ಅಮೋನಿಯಾ ಬಿಡುತ್ತದೆ, ಚರ್ಮ ಉರಿಯುತ್ತದೆ. ಮರಕ್ಕೇ ಇರಲಿ.

ಘಟ್ಟದಮೇಲಿನವ: ಹಾಗಾದರೆ ಯೂರಿಯಾ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮೇಲೆ ತೆಳುವಾಗಿ ತುಪ್ಪ. ಘಟ್ಟದ ಚಳಿಗೆ ನಡೆಯುತ್ತದೆ. ಕೆಳಗೆ ಮೇ ತಿಂಗಳ ಸೆಕೆಗೆ ಬೇಡ, ಬೆವರುಸಾಲೆ ಎದ್ದೀತು.

ಅಘನಾಶಿನಿ_ದಂಡೆ: ಮೊದಲು ಇದು ಅದೇ ಹೌದೋ ನೋಡಿ. ಎದೆ, ಬೆನ್ನಿನಲ್ಲಿ ಒಂದೇ ಗಾತ್ರದ ಗಂಟೆದ್ದು ತುರಿಸಿದರೆ ಮಲಸೀಜಿಯಾ ಶಿಲೀಂಧ್ರದ್ದಿರಬಹುದು. ಕಾರವಾರದ ಬೆವರಿಗೆ ಅದಕ್ಕೆ ಸುಗ್ಗಿ. ತೆಂಗಿನೆಣ್ಣೆ ಹಚ್ಚಿದರೆ ಅದರಲ್ಲಿರುವ ಕೆಲವು ಕೊಬ್ಬಿನಾಮ್ಲ ಶಿಲೀಂಧ್ರಕ್ಕೆ ಊಟ. ಮೊಣಕೈ, ಮೊಣಕಾಲಿನ ಮೇಲೆ ಒರಟು ಮುಳ್ಳುಗಂಟಾದರೆ ಫ್ರೈನೋಡರ್ಮಾ: ವಿಟಮಿನ್ ಎ, ಬಿ ಗುಂಪು, ಅಗತ್ಯ ಕೊಬ್ಬಿನಾಮ್ಲಗಳ ಕೊರತೆ. ಅಲ್ಲಿ ಇರುಳುಗುರುಡು ಇದೆಯೋ ಕೇಳಬೇಕು. ಮುತ್ತಿನಂತೆ ಹೊಳೆದು ನಡುವೆ ಗುಳಿ ಬಿದ್ದಿದ್ದರೆ ಮೊಲಸ್ಕಮ್ ಎಂಬ ವೈರಸ್ ಗಂಟು, ಅದು ಅಂಟುತ್ತದೆ.

ಕೋಡಿಬಾಗ್_ಕಡಲು: ತುರಿಕೆಯಿಲ್ಲ, ತೋಳು ತೊಡೆ ಬಿಟ್ಟು ಬೇರೆಲ್ಲೂ ಇಲ್ಲ. ವ್ಯಾಕ್ಸ್ ಮಾಡಿದ ದಿನ ಹಚ್ಚಬಹುದೇ? ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕ್ರೀಮ್ ಬೇಗ ಇಳಿಸುತ್ತದಂತೆ?

ಔಷಧಿಪೆಟ್ಟಿಗೆ: ವ್ಯಾಕ್ಸ್ ಆದ ಮೇಲೆ ಎರಡು ದಿನ ಬಿಡಿ, ಇಲ್ಲದಿದ್ದರೆ ಚುರುಗುಟ್ಟುತ್ತದೆ. ಬೆಟಾಮೆಥಾಸೋನ್ ಕೆಂಪು ಇಳಿಸೀತು, ಬೂಚು ಮುಟ್ಟದು. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹನ್ನೆರಡು ವಾರಕ್ಕೂ ಇಳಿಯದಿದ್ದರೆ ಚರ್ಮದ ಡಾಕ್ಟರ ಹತ್ತಿರ 0.1% ಅಡಾಪಲೀನ್ (ರೆಟಿನಾಯ್ಡ್ ಗುಂಪಿನ ಹಚ್ಚುವ ಔಷಧಿ) ಬಗ್ಗೆ ಕೇಳಿ, ರಾತ್ರಿ ಹಚ್ಚುವುದು, ಗರ್ಭಿಣಿಯರಿಗೆ ಸಲ್ಲದು. ನುಣುಪಾಯಿತೆಂದು ಪೂರ್ತಿ ಬಿಟ್ಟರೆ ಗಂಟು ಮರಳುತ್ತದೆ. ವಾರಕ್ಕೆ ಎರಡು ಮೂರು ಸಲ ಹಚ್ಚುತ್ತಿರಿ. ಲ್ಯಾಕ್ಟಿಕ್ ಆರಿಸಿಕೊಂಡರೆ ಬಿಸಿಲಿಗೆ ಹೋಗುವಾಗ ಉದ್ದ ತೋಳಿನ ಅಂಗಿ.