ಪ್ರೂರಿಯೆನ್ಸ್: ತುರಿಕೆ ಗಿಡಕ್ಕೋ, ಮುಟ್ಟಿದವರಿಗೋ?

ಪ್ರಶ್ನೆ: ಕಾಲೇಜಿನ ಒಣಗಿಡಗಳ ಸಂಗ್ರಹಕ್ಕೆ ಹೊಸ ಚೀಟಿ ಬರೆಯುತ್ತಿದ್ದೇನೆ. ನಸುಗುನ್ನಿಯ ಹಾಳೆಯ ಮೇಲೆ ‘ಡಾಲಿಕೋಸ್ ಪ್ರೂರಿಯೆನ್ಸ್’ ಎಂಬ ಹಳೆಯ ಹೆಸರಿದೆ. ಈಗಿನದು ‘ಮ್ಯುಕುನಾ ಪ್ರೂರಿಯೆನ್ಸ್’. ಕಾಡುಬಸಳೆ ಬ್ರಯೋಫಿಲಮ್‌ನಿಂದ ಕಲಾಂಚೊ ಕುಲಕ್ಕೆ ಹೋದಾಗ, ಹೊಸ ಕುಲದ ಹೆಸರಿನ ಲಿಂಗಕ್ಕೆ ತಕ್ಕಂತೆ ‘ಪಿನ್ನೇಟಮ್’ ಇದ್ದದ್ದು ‘ಪಿನ್ನೇಟಾ’ ಆಯಿತು. ಇಲ್ಲಿ ಪುಲ್ಲಿಂಗದ ಡಾಲಿಕೋಸ್ ಹೋಗಿ ಸ್ತ್ರೀಲಿಂಗದ ಮ್ಯುಕುನಾ ಬಂದರೂ ಎರಡನೆಯ ಪದ ಏಕೆ ಅಲುಗಲಿಲ್ಲ? ನಿಘಂಟಿನಲ್ಲಿ ಅರ್ಥ ‘ತುರಿಕೆಯಾಗುತ್ತಿರುವ’ ಎಂದಿದೆ. ಗಿಡಕ್ಕೇ ತುರಿಕೆಯೇ?

ಉತ್ತರ: ಚೀಟಿ ಸರಿಯಾಗಿದೆ, ಅಳಿಸಬೇಡಿ. ‘ಪ್ರೂರಿಯೆನ್ಸ್’ ಲ್ಯಾಟಿನ್ ಭಾಷೆಯ ವರ್ತಮಾನ ಕೃದಂತ, ಅಂದರೆ ಧಾತುವಿನಿಂದ ಹುಟ್ಟಿದ ‘ಮಾಡುತ್ತಿರುವ’ ಎಂಬಂಥ ಪದ. ಪ್ರಥಮಾ ಏಕವಚನದಲ್ಲಿ ಇದಕ್ಕೆ ಮೂರು ಲಿಂಗಗಳಿಗೂ ಒಂದೇ ರೂಪ. ಸಸ್ಯವಿಜ್ಞಾನಿ ಲಿನ್ನೇಯಸ್ 1754ರಲ್ಲಿ ಡಾಲಿಕೋಸ್‌ನಲ್ಲಿಟ್ಟದ್ದನ್ನು ಇನ್ನೊಬ್ಬ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ 1825ರಲ್ಲಿ ಮ್ಯುಕುನಾಗೆ ಒಯ್ದಾಗ ತಿದ್ದಲು ಏನೂ ಇರಲಿಲ್ಲ. ಪ್ರಥಮಾ ಬಹುವಚನದಲ್ಲಾದರೆ ನಪುಂಸಕ ಬೇರೆಯಾಗುತ್ತದೆ: ‘ಪ್ರೂರಿಯೆಂಟೆಸ್’ ಬದಲು ‘ಪ್ರೂರಿಯೆಂಟಿಯಾ’. ‘ಪಿನ್ನೇಟಾ’ ನೋಡಲು ಭೂತ ಕೃದಂತದಂತಿದ್ದರೂ ಹುಟ್ಟಿದ್ದು ಗರಿ ಎಂಬರ್ಥದ ‘ಪಿನ್ನಾ’ ಎಂಬ ನಾಮಪದದಿಂದ. ಅದರ ಕೊನೆ ಲಿಂಗಕ್ಕೆ ತಕ್ಕಂತೆ ಬದಲಾಗಲೇಬೇಕು.

ಅರ್ಥದ ಸಂಶಯ ನ್ಯಾಯವಾದದ್ದೇ. ‘ಪ್ರೂರಿರೆ’ ಅಕರ್ಮಕ ಧಾತು. ಮೈ ತುರಿಸುತ್ತದೆ ಎನ್ನುವಾಗಿನ ತುರಿಸುವಿಕೆ. ವ್ಯಾಕರಣದ ಪ್ರಕಾರ ತುರಿಕೆ ಗಿಡದ್ದೇ ಆಗಬೇಕು! ಆದರೆ ಸಸ್ಯಶಾಸ್ತ್ರದ ಲ್ಯಾಟಿನ್‌ನಲ್ಲಿ ಅದು ‘ತುರಿಕೆ ಹುಟ್ಟಿಸುವ’ ಎಂಬ ಗುಣವಾಚಕವಾಗಿ ನೆಲೆಸಿದೆ. ಬಗನಿ ಮರದ ‘ಕ್ಯಾರಿಯೋಟಾ ಯೂರೆನ್ಸ್’ನಲ್ಲಿ ಈ ತಂಟೆ ಇಲ್ಲ. ‘ಯೂರೆರೆ’ ಎಂದರೆ ಸುಡು, ಸಕರ್ಮಕ. ಹಣ್ಣಿನ ತಿರುಳು ನಿಜಕ್ಕೂ ಬಾಯಿ ಸುಡುತ್ತದೆ.

ಪ್ರಶ್ನೆ: ಹಾಗಾದರೆ ಇದನ್ನು ಕೃದಂತ ಎನ್ನಬೇಕೋ, ಗುಣವಾಚಕವೋ?

ಉತ್ತರ: ರೂಪದಲ್ಲಿ ಕೃದಂತ, ಕೆಲಸದಲ್ಲಿ ಗುಣವಾಚಕ. ಗುರುತು ಬೇಕಾದರೆ ಲ್ಯಾಟಿನ್‌ನ ಅಬ್ಲೇಟಿವ್ ವಿಭಕ್ತಿ (ನಮ್ಮ ‘ಇಂದ’ ಎಂಬಂಥ ಅರ್ಥದ್ದು) ನೋಡಿ. ಕ್ರಿಯೆಯ ಅರ್ಥ ಉಳಿದಿದ್ದರೆ ಸಾಮಾನ್ಯವಾಗಿ ‘ಪ್ರೂರಿಯೆಂಟೆ’, ಬರೀ ಗುಣವಾದರೆ ‘ಪ್ರೂರಿಯೆಂಟಿ’. ಚೀಟಿಯ ಮೇಲೆ ಬರುವುದು ಪ್ರಥಮಾ ಮಾತ್ರ, ಅಲ್ಲಿ ಈ ಭೇದ ಕಾಣದು. ಕನ್ನಡ ಅರ್ಥ ಬರೆಯುವಾಗ ‘ತುರಿಸುವ’ ಎಂದು ಬಿಟ್ಟರೆ ಅದೇ ಗೊಂದಲ ಮತ್ತೆ ಹುಟ್ಟುತ್ತದೆ. ‘ತುರಿಕೆ ಹುಟ್ಟಿಸುವ’ ಎಂದೇ ಬರೆಯಿರಿ.

ಹಾಳೆಯ ಮೇಲೆ ಕಾಯಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಕಂದು ರೋಮಗಳಲ್ಲಿ ಮ್ಯುಕುನೈನ್ ಎಂಬ ಕಿಣ್ವವಿದೆ, ಒಣಗಿದ ರೋಮವೂ ತುರಿಸುತ್ತದೆ.