ಹೊರದೇಶದಲ್ಲಿ ಮೇಷ್ಟ್ರ ಕೆಲಸ: ಹೆಂಡತಿ, ಮಕ್ಕಳನ್ನು ಕರೆದೊಯ್ಯುವ ಮೊದಲು ಏನೇನು ನೋಡಿಕೊಳ್ಳಬೇಕು?

ಸೀಮೆಸುಣ್ಣ:
ಪ್ರೌಢಶಾಲೆಗೆ ಭೌತಶಾಸ್ತ್ರ ಪಾಠ ಮಾಡುವ ಕೆಲಸಕ್ಕೆ ಮೂರು ಕಡೆ ಮಾತು ನಡೆದಿದೆ: ದುಬೈ, ಶಾಂಘೈ, ಟೋಕಿಯೊ. ಮೂರೂ ತಮ್ಮನ್ನು ‘ಇಂಟರ್‌ನ್ಯಾಷನಲ್ ಸ್ಕೂಲ್’ ಅಂತಲೇ ಕರೆದುಕೊಳ್ಳುತ್ತವೆ. ಮನೆಯವರು ಅಕೌಂಟೆಂಟ್, ಅಲ್ಲಿಯೂ ಕೆಲಸ ಮಾಡುವ ಇರಾದೆ ಇದೆ. ಮಕ್ಕಳಿಬ್ಬರು, 11 ಮತ್ತು 4 ವರ್ಷ. ದೊಡ್ಡವನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದಲ್ಲಿ ತೊಡಕು. ಆಫರ್ ಲೆಟರ್‌ನಲ್ಲಿ ‘ಕುಟುಂಬಕ್ಕೆ ಸೌಲಭ್ಯ ಉಂಟು’ ಅನ್ನುವ ಒಂದೇ ಸಾಲು. ಸಹಿಗೆ ಮೊದಲು ಏನೇನು ಬರೆಸಿಕೊಳ್ಳಬೇಕು? ಕಾಗದಪತ್ರ ಎಲ್ಲಿಂದ ಶುರು ಮಾಡಬೇಕು? ಎಲ್ಲರೂ ಒಟ್ಟಿಗೆ ಹೊರಡುವುದೋ, ನಾನೊಬ್ಬನೇ ಮುಂದೆ ಹೋಗುವುದೋ?

ಕರಾರುಪತ್ರ:
ಆ ಒಂದು ಸಾಲಿಗೆ ತಕರಾರು ಬಂದ ದಿನ ಕಾಸಿನ ಬೆಲೆ ಇರುವುದಿಲ್ಲ. ಯಾರಿಗೆ, ಎಷ್ಟು, ಯಾವಾಗ ಅನ್ನುವುದು ಕರಾರಿನೊಳಗೇ ಬರಲಿ. ಇಮೇಲ್‌ನಲ್ಲಿ ಕೊಟ್ಟ ಭರವಸೆ ಸಾಲದು, ಪ್ರಿನ್ಸಿಪಾಲರು ಬದಲಾದರೆ ಅದನ್ನು ನೆನಪಿಟ್ಟುಕೊಳ್ಳುವವರು ಯಾರೂ ಇರುವುದಿಲ್ಲ.

ಮೊದಲು ಮಕ್ಕಳ ಫೀ. ಶುಲ್ಕ ರಿಯಾಯಿತಿ ಬೇರೆ, ಸೀಟು ಬೇರೆ. ‘ಇಬ್ಬರು ಮಕ್ಕಳಿಗೆ ಶುಲ್ಕವಿಲ್ಲ’ ಎಂದು ಬರೆದಿದ್ದರೂ ಆ ತರಗತಿ ಭರ್ತಿಯಾಗಿದ್ದರೆ ಮಗು ಹೊರಗೇ ಉಳಿಯುತ್ತದೆ. ಎಷ್ಟನೇ ವಯಸ್ಸಿನಿಂದ ರಿಯಾಯಿತಿ ಅಂತಲೂ ಕೇಳಿ, ಶಿಶುವಿಹಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಶಾಲೆಗಳಿವೆ. ಪೂರ್ತಿ ಮಾಫಿ ಅಂದರೂ ಸಾಮಾನ್ಯವಾಗಿ ಅದು ಬೋಧನಾ ಶುಲ್ಕ ಮಾತ್ರ. ಪ್ರವೇಶ ಶುಲ್ಕ, ಬಸ್ಸು, ಊಟ, ಸಮವಸ್ತ್ರ, ಪರೀಕ್ಷಾ ಶುಲ್ಕ ನಿಮ್ಮ ಜೇಬಿನಿಂದಲೇ. ಕೆಲವು ದೇಶಗಳಲ್ಲಿ ಮಾಫಿ ಮಾಡಿದ ಮೊತ್ತವನ್ನು ನಿಮ್ಮ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ, ಅದನ್ನೂ ವಿಚಾರಿಸಿ.

ದೊಡ್ಡವನ ವಿಷಯವನ್ನು ಬಚ್ಚಿಡಬೇಡಿ. ಮನಶ್ಶಾಸ್ತ್ರಜ್ಞರ ಇತ್ತೀಚಿನ ಮೌಲ್ಯಮಾಪನ ವರದಿಯನ್ನು ಈಗಲೇ ಕಳಿಸಿ, ಅವನಿಗೆ ಬೇಕಾದ ನೆರವು ಕೊಡುವ ಶಿಕ್ಷಕರು ಆ ಹಂತದಲ್ಲಿ ಇದ್ದಾರೆಯೇ, ವಾರಕ್ಕೆ ಎಷ್ಟು ಅವಧಿ, ಅದಕ್ಕೆ ಪ್ರತ್ಯೇಕ ಶುಲ್ಕವೇ ಅಂತ ಕೇಳಿ. ನೆರವಿನ ವಿಭಾಗ ಪ್ರಾಥಮಿಕಕ್ಕೆ ಮಾತ್ರ ಇದ್ದು ಮಾಧ್ಯಮಿಕಕ್ಕೆ ಇಲ್ಲದಿರುವುದು ಅಪರೂಪವೇನಲ್ಲ. ಮಗನ ಪ್ರವೇಶ ಪತ್ರ ಕೈಗೆ ಬಂದ ಮೇಲೆ ನಿಮ್ಮ ಸಹಿ. ಈ ಕ್ರಮ ತಿರುಗುಮುರುಗಾದರೆ ಚೌಕಾಸಿಗೆ ಜಾಗವೇ ಉಳಿಯುವುದಿಲ್ಲ.

ಮನೆಗೆ ‘ಸುಸಜ್ಜಿತ ವಸತಿ’ ಅಂತಿದ್ದರೆ ಎಷ್ಟು ಮಲಗುವ ಕೋಣೆ ಅಂತ ಬರೆಸಿ. ವಿಮಾನ ಟಿಕೆಟ್ ನಾಲ್ವರಿಗೂ ಪ್ರತಿ ವರ್ಷವೋ, ಕರಾರಿನ ಶುರುವಿಗೆ ಮತ್ತು ಕೊನೆಗೆ ಮಾತ್ರವೋ? ಅವಲಂಬಿತರ ವೀಸಾ, ವೈದ್ಯಕೀಯ ತಪಾಸಣೆ, ದಾಖಲೆ ದೃಢೀಕರಣದ ಖರ್ಚು ಯಾರದು? ಇವೆಲ್ಲ ಸಣ್ಣಸಣ್ಣದಾಗಿ ಕಾಣುತ್ತವೆ, ನಾಲ್ಕು ಜನಕ್ಕೆ ಗುಣಿಸಿ ನೋಡಿ.

ಮೊಹರು_ಮುದ್ರೆ:
ಮೂರೂ ಊರಿನ ವೀಸಾ ವ್ಯವಸ್ಥೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮನೆಯವರ ಕೆಲಸ ಮುಖ್ಯ ಅನ್ನುವುದಾದರೆ ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ದುಬೈನಲ್ಲಿ ನಿಮ್ಮ ರೆಸಿಡೆನ್ಸಿ (ವಾಸದ ಪರವಾನಗಿ) ಆದ ಮೇಲೆ ಹೆಂಡತಿ, ಮಕ್ಕಳಿಗೆ ನೀವೇ ಸ್ಪಾನ್ಸರ್, ಅಂದರೆ ಅವರ ವೀಸಾಕ್ಕೆ ಹೊಣೆಗಾರ. ಸಂಬಳ ಕನಿಷ್ಠ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಮನೆಯವರು ನಿಮ್ಮ ಸ್ಪಾನ್ಸರ್‌ಶಿಪ್‌ನಲ್ಲೇ ಇದ್ದುಕೊಂಡು ಕೆಲಸಕ್ಕೆ ಸೇರಬಹುದು, ವರ್ಕ್ ಪರ್ಮಿಟ್ ಅವರ ಕಂಪನಿ ಮಾಡಿಸಬೇಕು ಅಷ್ಟೆ. 18 ದಾಟಿದವರಿಗೆ ವೈದ್ಯಕೀಯ ತಪಾಸಣೆ ಉಂಟು. ಬಾಡಿಗೆ ಕರಾರು ದುಬೈನ ಬಾಡಿಗೆ ನೋಂದಣಿ ವ್ಯವಸ್ಥೆಯಾದ ‘ಇಜಾರಿ’ಯಲ್ಲಿ ನೋಂದಣಿ ಆಗಿರಬೇಕು. ಶಾಲೆಯೇ ಮನೆ ಕೊಟ್ಟರೆ ಅದರ ಪತ್ರವನ್ನು ಶಾಲೆಯಿಂದ ಪಡೆಯಿರಿ.

ಜಪಾನ್‌ನಲ್ಲಿ ಅವಲಂಬಿತರ ವೀಸಾ ಮೇಲೆ ನೇರವಾಗಿ ಕೆಲಸವಿಲ್ಲ. ವಲಸೆ ಕಚೇರಿಯಿಂದ ಬೇರೆ ಅನುಮತಿ ಪಡೆದರೆ ವಾರಕ್ಕೆ 28 ಗಂಟೆ. ಎರಡು ಕಡೆ ಅರೆಕಾಲಿಕ ಕೆಲಸ ಹಿಡಿದರೂ ಒಟ್ಟು 28ನ್ನು ಮೀರುವಂತಿಲ್ಲ, ಮೀರಿದರೆ ವೀಸಾ ನವೀಕರಣಕ್ಕೇ ಪೆಟ್ಟು. ಪೂರ್ಣಾವಧಿ ಅಕೌಂಟೆಂಟ್ ಕೆಲಸ ಸಿಕ್ಕರೆ ಅವರ ಹೆಸರಿನಲ್ಲೇ ಉದ್ಯೋಗ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಅದಕ್ಕೆ ಅವರದೇ ಪದವಿ, ಅನುಭವ ಲೆಕ್ಕಕ್ಕೆ ಬರುತ್ತದೆ. ಹೊರಡುವ ಮೊದಲು ಜಪಾನ್ ವಲಸೆ ಕಚೇರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು, ಎಲ್ಲರೂ ‘ಸಿಒಇ’ ಅನ್ನುತ್ತಾರೆ. ನಿಮ್ಮ ಅರ್ಜಿಯ ಜೊತೆಗೇ ಹೆಂಡತಿ, ಮಕ್ಕಳದನ್ನೂ ಹಾಕಲು ಶಾಲೆಗೆ ಹೇಳಿ. ಅದರ ಆಯುಷ್ಯ 3 ತಿಂಗಳು, ಅಷ್ಟರೊಳಗೆ ಜಪಾನ್ ಪ್ರವೇಶಿಸಬೇಕು. ಮಕ್ಕಳ ಪರೀಕ್ಷೆ ಮುಗಿಯಲಿ ಅಂತ ಕಾಯುತ್ತಾ ಕುಳಿತರೆ ಗಡುವು ಜಾರುತ್ತದೆ.

ಚೀನಾಕ್ಕೆ ನಿಮಗೆ ಝಡ್ ವೀಸಾ (ಉದ್ಯೋಗದ್ದು), ಹೆಂಡತಿ, ಮಕ್ಕಳಿಗೆ ಎಸ್1 (ಕುಟುಂಬದವರದು). ಎಸ್1 ಮೇಲೆ ಕೆಲಸ ಮಾಡುವಂತೆಯೇ ಇಲ್ಲ. ಇಳಿದ 30 ದಿನದೊಳಗೆ ಎಲ್ಲರೂ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಹೋಟೆಲ್ ಬಿಟ್ಟು ಬೇರೆ ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಯೊಳಗೆ ಪೊಲೀಸ್ ನೋಂದಣಿ, ಇದನ್ನು ಮರೆತವರ ಪರ್ಮಿಟ್ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು: ಅಲ್ಲಿ ‘ಇಂಟರ್‌ನ್ಯಾಷನಲ್’ ಅನ್ನುವ ಹೆಸರಿನಡಿ ಎರಡು ಜಾತಿಯ ಶಾಲೆಗಳಿವೆ. ವಿದೇಶಿಯರ ಮಕ್ಕಳಿಗಷ್ಟೇ ಇರುವವು ಒಂದು. ದ್ವಿಭಾಷಾ ಖಾಸಗಿ ಶಾಲೆಗಳು ಇನ್ನೊಂದು, ಇವು 1ರಿಂದ 9ನೇ ತರಗತಿವರೆಗೆ ಚೀನಾದ ರಾಷ್ಟ್ರೀಯ ಪಠ್ಯಕ್ರಮ ನಡೆಸಬೇಕು. 11ರ ಹುಡುಗ, ಅದೂ ಡಿಸ್ಲೆಕ್ಸಿಯಾ ಇರುವವನು, ದಿನದ ಅರ್ಧ ಪಾಠ ಚೀನೀ ಭಾಷೆಯಲ್ಲಿ ಕೇಳಬೇಕಾಗಿ ಬಂದರೆ ಕಷ್ಟ. ನಿಮ್ಮದು ಯಾವ ಜಾತಿ ಅಂತ ಮೊದಲು ಕೇಳಿ.

ಯಾವ ದೇಶವಾದರೂ ‘ಸದ್ಯಕ್ಕೆ ಟೂರಿಸ್ಟ್ ವೀಸಾ ಮೇಲೆ ಕರೆದುಕೊಂಡು ಬನ್ನಿ, ಆಮೇಲೆ ಬದಲಾಯಿಸೋಣ’ ಅಂದರೆ ಯಾವ ನಿಯಮದಡಿ ಅಂತ ಬರಹದಲ್ಲಿ ಕೇಳಿ. ಬದಲಾವಣೆ ಆಗದಿದ್ದರೆ ದೇಶ ಬಿಟ್ಟು ಮತ್ತೆ ಬರುವ ನಾಲ್ಕು ಟಿಕೆಟ್ ನಿಮ್ಮ ತಲೆಗೇ.

ಹಳೇ_ಗುಮಾಸ್ತ:
ಕಾಗದಪತ್ರಕ್ಕೆ ಬರುತ್ತೇನೆ. ಮದುವೆ ನೋಂದಣಿ ಪತ್ರ, ಇಬ್ಬರು ಮಕ್ಕಳ ಜನನ ಪತ್ರ, ನಿಮ್ಮ ಪದವಿ, ಬಿ.ಎಡ್., ಪೊಲೀಸ್ ಕ್ಲಿಯರೆನ್ಸ್. ಜನನ ಪತ್ರದಲ್ಲಿ ತಂದೆತಾಯಿ ಇಬ್ಬರ ಹೆಸರೂ ಇರಬೇಕು, ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಕೂಡಬೇಕು. ಅರ್ಧಕ್ಕರ್ಧ ತಕರಾರು ಬರುವುದೇ ಇನಿಷಿಯಲ್‌ನಿಂದ: ಒಂದರಲ್ಲಿ ‘ಕೆ.’ ಅಂತಿರುತ್ತದೆ, ಇನ್ನೊಂದರಲ್ಲಿ ಅದನ್ನು ಬಿಡಿಸಿ ಬರೆದಿರುತ್ತದೆ. ದೃಢೀಕರಣದ ಮುದ್ರೆ ಹಾಕಿಸುವ ಮೊದಲೇ ತಿದ್ದಿಸಿ, ಆಮೇಲೆ ತಿದ್ದಿಸಿದರೆ ಮುದ್ರೆಯೂ ಹೊಸದಾಗಿ ಬೇಕು.

ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವ ಬಗೆಗಿನ 1961ರ ಹೇಗ್ ಒಪ್ಪಂದದಲ್ಲಿರುವ ದೇಶಕ್ಕೆ ಅಪೊಸ್ಟಿಲ್ (ದಾಖಲೆ ಅಸಲಿ ಅನ್ನುವ ಸರ್ಕಾರಿ ಮುದ್ರೆ) ಒಂದೇ ಸಾಕು. ಚೀನಾದಲ್ಲಿ ಅದು 2023ರ ನವೆಂಬರ್ 7ರಿಂದ ಜಾರಿಯಲ್ಲಿದೆ, ಹಾಗಾಗಿ ರಾಯಭಾರ ಕಚೇರಿಯ ಅಲೆದಾಟ ತಪ್ಪಿತು. ಯುಎಇ ಒಪ್ಪಂದದಲ್ಲಿಲ್ಲ: ನಿಮ್ಮ ವಿದೇಶಾಂಗ ಇಲಾಖೆ, ಆಮೇಲೆ ಯುಎಇ ರಾಯಭಾರ ಕಚೇರಿ, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆ, ಜೊತೆಗೆ ಅರಬಿ ಅನುವಾದ.

ಮೊಹರು_ಮುದ್ರೆ:
ಗುಮಾಸ್ತರೇ, ಚೀನಾದ ಬಗ್ಗೆ ಒಂದು ತಿದ್ದುಪಡಿ. ಎರಡೂ ದೇಶ ಒಪ್ಪಂದದಲ್ಲಿದ್ದರೂ ಸಾಲದು. ಹೊಸದಾಗಿ ಸೇರಿದ ದೇಶಕ್ಕೆ ಹಳೆಯ ಸದಸ್ಯ ಆಕ್ಷೇಪ ಸಲ್ಲಿಸಿದ್ದರೆ ಅವೆರಡರ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ಚೀನಾ ಮತ್ತು ಭಾರತದ ನಡುವೆ ಆಗಿರುವುದು ಇದೇ. ಭಾರತದ ದಾಖಲೆಯಾದರೆ ಚೀನಾಕ್ಕೆ ಈಗಲೂ ಹಳೆಯ ದಾರಿಯೇ, ರಾಯಭಾರ ಕಚೇರಿಯ ದೃಢೀಕರಣ ಬೇಕು. ಅಪೊಸ್ಟಿಲ್ ಮಾಡಿಸಿ ಕಳಿಸಿದರೆ ವಾಪಸ್ ಬರುತ್ತದೆ, ವಾರಗಟ್ಟಲೆ ಸಮಯ ಹೋಗುತ್ತದೆ.

ಹಳೇ_ಗುಮಾಸ್ತ:
ಸರಿ, ನನ್ನದೇ ತಪ್ಪು. ಆ ಆಕ್ಷೇಪದ ಅಂಶ ಬಿಟ್ಟುಹೋಗಿತ್ತು.

ಗಂಟೆ_ಬಾರಿಸುವವ:
ಒಟ್ಟಿಗೋ, ಹಿಂದೆಮುಂದೋ ಅನ್ನುವುದಕ್ಕೆ ನನ್ನ ಮತ: ದುಬೈ ಆದರೆ ನೀವು ಮುಂದೆ ಹೋಗಿ, ಏಕೆಂದರೆ ನಿಮ್ಮ ರೆಸಿಡೆನ್ಸಿ ಆಗದೆ ಅವರ ಕಡತ ತೆರೆಯುವುದೇ ಇಲ್ಲ. ಜಪಾನ್ ಆದರೆ ಸಿಒಇ ನಾಲ್ಕೂ ಕೈಯಲ್ಲಿದ್ದರೆ ಒಟ್ಟಿಗೆ ಹೊರಡಬಹುದು. ಆದರೆ ಶಾಲೆ ತೆರೆಯುವ ದಿನ ಮಕ್ಕಳು ಅಲ್ಲಿರಬೇಕು ಅಂತ ಹಟ ಹಿಡಿಯಬೇಡಿ. ಮೊದಲ ತಿಂಗಳು ನಿಮಗೆ ಹೊಸ ಪಠ್ಯಕ್ರಮ, ಪೋಷಕರ ಸಭೆ, ಬ್ಯಾಂಕು ಅಂತಲೇ ಮುಗಿಯುತ್ತದೆ. ಮೊದಲ ಸಂಬಳ ಬರುವವರೆಗೆ ನಾಲ್ವರ ಖರ್ಚು ಕೈಯಿಂದಲೇ ಆಗಬೇಕು.

ಚಿಕ್ಕ ಮಗುವಿನ ತರಗತಿ ಯಾವುದು ಅಂತಲೂ ನೋಡಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಆಗಸ್ಟ್ 31ರೊಳಗೆ 4 ತುಂಬಿದ ಮಗು ಆ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್‌ಗೆ (1ನೇ ತರಗತಿಗೆ ಮುಂಚಿನ ವರ್ಷ) ಸೇರುತ್ತದೆ. ಹುಟ್ಟಿದ ದಿನ ಒಂದು ದಿನ ಆಚೀಚೆಯಾದರೂ ವರ್ಷ ಬದಲಾಗುತ್ತದೆ, ಶುಲ್ಕ ಮಾಫಿಯೂ ಬದಲಾಗಬಹುದು.

ಸೀಮೆಸುಣ್ಣ:
ತುಂಬಾ ಉಪಕಾರವಾಯಿತು. ವಿಮೆ ಶಾಲೆಯದೇ ಅಂತ ಬರೆದಿದ್ದಾರೆ, ಅದು ನಾಲ್ವರಿಗೂ ಅಂದುಕೊಳ್ಳಬಹುದೇ? ಮಧ್ಯದಲ್ಲಿ ಕೆಲಸ ಬಿಟ್ಟರೆ ಮನೆಯವರ ವೀಸಾ ಗತಿ ಏನು?

ಕರಾರುಪತ್ರ:
ಅಂದುಕೊಳ್ಳಬೇಡಿ. ದುಬೈನಲ್ಲಿ ಅವಲಂಬಿತರ ವಿಮೆಯ ಹೊಣೆ ಸ್ಪಾನ್ಸರ್ ಆದ ನಿಮ್ಮದು, ಶಾಲೆ ಕೊಟ್ಟರೆ ಅದು ಕರಾರಿನ ಸೌಜನ್ಯ. ಜಪಾನ್‌ನಲ್ಲಿ ಶಾಲೆ ನಿಮ್ಮನ್ನು ಉದ್ಯೋಗಿ ಆರೋಗ್ಯ ವಿಮೆಗೆ ಸೇರಿಸಿದರೆ ಅವಲಂಬಿತರಿಗೆ ಪ್ರತ್ಯೇಕ ಕಂತಿಲ್ಲ, ಮನೆಯವರ ವಾರ್ಷಿಕ ಆದಾಯ 13 ಲಕ್ಷ ಯೆನ್‌ಗಿಂತ ಕಡಿಮೆ ಇರಬೇಕು. ಖಾಸಗಿ ಪಾಲಿಸಿಯಾದರೆ ಹೆರಿಗೆಗೆ ಕಾಯುವ ಅವಧಿ, ಮೊದಲೇ ಇರುವ ಕಾಯಿಲೆ, ಹಲ್ಲು, ಕನ್ನಡಕ, ರಜೆಗೆ ಊರಿಗೆ ಬಂದಾಗ ಅನ್ವಯ ಉಂಟೋ ಇಲ್ಲವೋ, ಇವನ್ನು ಪಾಲಿಸಿ ಪುಸ್ತಕದಲ್ಲೇ ಓದಿ.

ಕೆಲಸ ಬಿಟ್ಟರೆ ಅವಲಂಬಿತರ ವೀಸಾ ನಿಮ್ಮ ಜೊತೆಗೇ ಹೋಗುತ್ತದೆ. ದುಬೈನಲ್ಲಿ ಮೊದಲು ಅವರದು ರದ್ದಾಗಬೇಕು, ಕೊನೆಗೆ ನಿಮ್ಮದು. ರಾಜೀನಾಮೆ ಪತ್ರ ಕೊಡುವ ಮುನ್ನ ಮಕ್ಕಳ ಟಿ.ಸಿ., ಮನೆಯವರ ವರ್ಕ್ ಪರ್ಮಿಟ್, ಬ್ಯಾಂಕ್ ಖಾತೆ ಇವುಗಳ ದಿನಾಂಕ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಖಾತೆಯಲ್ಲಿ ಅಂತಿಮ ಲೆಕ್ಕದ ಹಣ ಬೀಳುವ ತನಕ ಅದನ್ನು ಮುಚ್ಚಬೇಡಿ.